ಪರೀಕ್ಷೆಯ ಲಕೋಟೆ ಯಾರದು?



‘ಪರೀಕ್ಷೆ’ ಎಂಬ ಶಬ್ದವನ್ನು ಬಿಡಿಸಿದರೆ ‘ಪರಿ’ ಮತ್ತು ‘ಈಕ್ಷೆ’ ಎಂದಾಗುತ್ತದೆ. ಸುತ್ತಲಿಂದಲೂ ನೋಡುವುದು ಎಂದು ಅದರ ಅರ್ಥ. ಆದರೆ ನಮ್ಮ ಮನೆಗಳಲ್ಲಿ ಈ ಶಬ್ದಕ್ಕೆ ಬೇರೆಯೇ ಅರ್ಥ ಬಂದುಬಿಟ್ಟಿದೆ. ರಕ್ತ ಕೊಟ್ಟವರೊಬ್ಬರನ್ನು ಹೊರತುಪಡಿಸಿ ಉಳಿದವರೆಲ್ಲರೂ ನೋಡುವಂಥದು ಯಾವುದೋ ಅದಕ್ಕೆ ಪರೀಕ್ಷೆಯ ವರದಿ ಎಂದು ಹೆಸರು. ಮಗ ನೋಡುತ್ತಾನೆ, ಅಳಿಯ ನೋಡುತ್ತಾನೆ, ಊರಿನಾಚೆಯ ಬಂಧುವೂ ದೂರವಾಣಿಯ ಪರದೆಯಲ್ಲಿ ಹಿಗ್ಗಿಸಿ ನೋಡುತ್ತಾನೆ. ಯಾರ ದೇಹದ ಸುದ್ದಿಯೋ ಆ ತಂದೆಯೊಬ್ಬರು ಮಾತ್ರ ಜಗಲಿಯಲ್ಲಿ ಕುಳಿತು, ‘ಎಂತ ಬರೆದಿದ್ದಾರೆ ಅದರಲ್ಲಿ?’ ಎಂದು ಕೇಳುತ್ತಾರೆ. ‘ಏನಿಲ್ಲ ಅಪ್ಪ, ಎಲ್ಲ ಸರಿ ಇದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಉತ್ತರವನ್ನು ನಾವು ಕರುಣೆ ಎಂದು ಕರೆಯುತ್ತೇವೆ. ಇದು ಕರುಣೆಯಲ್ಲವೆಂದೂ, ನಮ್ಮ ಭಯಕ್ಕೆ ನಾವು ತೊಡಿಸಿದ ವೇಷವೆಂದೂ, ಇದರಿಂದ ಪ್ರಾಣಹಾನಿಯೇ ಸಂಭವಿಸಬಹುದೆಂದೂ ಹೇಳುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಬರೆಯುವ ಅಧಿಕಾರ ನನಗೆಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ಉತ್ತರ ಸರಳವಾಗಿದೆ. ಈ ತಪ್ಪನ್ನು ಮಾಡಿದವರಲ್ಲಿ ನಾನೂ ಒಬ್ಬ.

ನನ್ನ ತಂದೆಯವರು ಬಂಟ್ವಾಳ ತಾಲೂಕಿನ ಒಂದು ಗ್ರಾಮದಲ್ಲಿ ನೆಲೆಸಿರುವ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಎರಡು ವರ್ಷಗಳ ಹಿಂದೆ ಮೂತ್ರದ ತೊಂದರೆ, ಸೊಂಟನೋವು ಎಂದು ಆರಂಭವಾದುದು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿಯಿತು. ಆ ವೇಳೆಗೆ ಅದು ಬೆನ್ನುಮೂಳೆಗೂ ಸೊಂಟದ ಮೂಳೆಗೂ ಹಬ್ಬಿತ್ತು. ಅಕ್ಕನ ಮನೆ ಬೆಳ್ತಂಗಡಿಯಲ್ಲಿ, ಚಿಕ್ಕಪ್ಪನ ಮನೆ ಮೂಡಬಿದಿರೆಯಲ್ಲಿ. ಆ ರಾತ್ರಿ ಮೂರು ತಾಲೂಕುಗಳ ನಡುವೆ ಹತ್ತಾರು ಸಲ ಮಾತುಕತೆ ನಡೆಯಿತು. ‘ಅಪ್ಪನಿಗೆ ಹೇಳಿದರೆ ಎದೆ ಒಡೆದುಕೊಳ್ಳುತ್ತಾರೆ’ ಎಂದಳು ಅಕ್ಕ. ‘ಈ ವಯಸ್ಸಿನಲ್ಲಿ ಅಣ್ಣನಿಗೆ ಅದೆಲ್ಲ ಯಾಕೆ?’ ಎಂದರು ಚಿಕ್ಕಪ್ಪ. ನಾನು ಇಬ್ಬರಿಗೂ ಹೂಂಗುಟ್ಟಿದೆ. ಸಿದ್ಧಕಟ್ಟೆಯ ದಾರಿಯಲ್ಲಿಯೂ ವೇಣೂರಿನ ದಾರಿಯಲ್ಲಿಯೂ ಓಡಾಡಿದ ಆ ಸುದ್ದಿ, ನಮ್ಮ ಮನೆಯ ಪಡಸಾಲೆಯಿಂದ ತಂದೆಯವರ ಕೋಣೆಗೆ ಮಾತ್ರ ಹೋಗಲಿಲ್ಲ.

ಮರುದಿನ ನಾನು ಅವರಿಗೆ ಹೇಳಿದ್ದು ಇಷ್ಟೆ: ‘ಮೂತ್ರಕೋಶದ ಸೋಂಕು. ಮಾತ್ರೆ ಇದೆ, ಸೂಜಿ ಇದೆ. ಗುಣವಾಗುತ್ತದೆ.’

ಮೂರು ತಿಂಗಳಿಗೊಮ್ಮೆ ಕೊಡುವ ಹಾರ್ಮೋನಿನ ಚುಚ್ಚುಮದ್ದಿಗೆ ‘ಶಕ್ತಿಯ ಸೂಜಿ’ ಎಂದು ನಾಮಕರಣ ಮಾಡಿದೆವು. ಪುರುಷ ಹಾರ್ಮೋನನ್ನು ತಗ್ಗಿಸುವ ಈ ಮದ್ದಿನಿಂದ ಮೈಯಲ್ಲಿ ಬಿಸಿ ಹಬೆ ಎದ್ದಂತಾಗುವುದು, ಬೆವರುವುದು, ಸ್ನಾಯುಗಳ ಬಲ ಕುಗ್ಗುವುದು, ಕಾಮಾಸಕ್ತಿ ಇಳಿಯುವುದು, ಕೆಲವರಲ್ಲಿ ಮನಸ್ಸು ಕುಂದುವುದು ಸಾಮಾನ್ಯ. ನಡುರಾತ್ರಿ ಬೆವರಿನಿಂದ ತೊಯ್ದು ಎದ್ದು ಕುಳಿತಾಗ ತಂದೆಯವರು ತಮಗೆ ಹೃದ್ರೋಗ ಬಂದಿದೆಯೆಂದು ತಿಳಿದು, ನಮಗೆ ಗಾಬರಿಯಾಗಬಾರದೆಂದು ಸುಮ್ಮನಿದ್ದರಂತೆ. ನಾವು ಅವರಿಂದ ಇಲ್ಲದ ಸೋಂಕಿನ ಹಿಂದೆ ನಿಜವಾದ ರೋಗವನ್ನು ಬಚ್ಚಿಟ್ಟೆವು. ಅವರು ನಮ್ಮಿಂದ ಇಲ್ಲದ ಹೃದ್ರೋಗವನ್ನು ಬಚ್ಚಿಟ್ಟರು. ಒಂದೇ ಸೂರಿನಡಿ ಎರಡು ಸುಳ್ಳುಗಳು ಸಂಸಾರ ಹೂಡಿದ್ದವು.

ಪಿಎಸ್‌ಎ ಎಂಬ ರಕ್ತಪರೀಕ್ಷೆಯ ಅಂಕಿ ಆರಂಭದಲ್ಲಿ ನೂರನ್ನು ದಾಟಿದ್ದುದು ಕೆಲವೇ ತಿಂಗಳುಗಳಲ್ಲಿ ಒಂದಕ್ಕಿಂತ ಕೆಳಗಿಳಿಯಿತು. ನಾವು ಹಬ್ಬ ಮಾಡಿದೆವು. ವರ್ಷ ಕಳೆಯುವಷ್ಟರಲ್ಲಿ ಅದು ಹನ್ನೊಂದಕ್ಕೆ ಏರಿತು. ಆ ಲಕೋಟೆಯನ್ನು ಹಿಡಿದುಕೊಂಡು ಬಸ್ಸಿನಲ್ಲಿ ಕುಳಿತಿದ್ದಾಗ ನೇತ್ರಾವತಿಯ ಸೇತುವೆ ಬಂದದ್ದೂ ಹೋದದ್ದೂ ನನಗೆ ತಿಳಿಯಲಿಲ್ಲ. ಮದ್ದು ಸೋತಿತು, ಇನ್ನು ಕಿಮೊಥೆರಪಿಯೇ ಗತಿ ಎಂದುಕೊಂಡೆವು. ವೈದ್ಯರು ಕಡತವನ್ನು ಬದಿಗಿಟ್ಟು ನೇರವಾಗಿ ತಂದೆಯವರನ್ನೇ ಕೇಳಿದರು: ‘ಮೇಷ್ಟ್ರೇ, ಬೆಳಗಿನ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀರಷ್ಟೆ?’

ತಂದೆಯವರು ಮುಗ್ಧವಾಗಿ ಹೇಳಿದರು: ‘ಇಲ್ಲ ಡಾಕ್ಟ್ರೇ, ಸೋಂಕು ಹೋಯಿತಲ್ಲ, ಮೂತ್ರ ಸಲೀಸಾಗಿದೆ. ಮಗನಿಗೆ ಸುಮ್ಮನೆ ಖರ್ಚು ಯಾಕೆಂದು ಎರಡು ತಿಂಗಳಿಂದ ಬಿಟ್ಟಿದ್ದೇನೆ.’

ಬಂಧುಗಳೆ, ಆ ಮಾತಿನಲ್ಲಿ ಯಾವ ದೋಷವಿದೆ? ಸೋಂಕು ವಾಸಿಯಾದ ಮೇಲೆ ಮಾತ್ರೆ ಬಿಡುವುದು ತರ್ಕಬದ್ಧವೇ ಆಗಿದೆ. ಸುಳ್ಳನ್ನು ನಂಬಿದವರು ಆ ಸುಳ್ಳಿಗೆ ತಕ್ಕಂತೆ ಸರಿಯಾಗಿಯೇ ನಡೆದುಕೊಂಡರು. ಅಪರಾಧ ನನ್ನದಾಗಿತ್ತು.

ಇನ್ನು ವೈಯಕ್ತಿಕ ಕಥನವನ್ನು ಬದಿಗಿರಿಸಿ ವಿಷಯವನ್ನು ವಿಚಾರಿಸೋಣ.

‘ಹೇಳಬಾರದು’ ಎನ್ನುವವರ ಮೊದಲನೆಯ ವಾದ: ತಿಳಿದರೆ ಧೈರ್ಯಗುಂದುತ್ತಾರೆ. ಇದರ ಹಿಂದಿರುವುದು, ಹಬ್ಬಿದ ಕ್ಯಾನ್ಸರ್ ಎಂದರೆ ಮರುದಿನವೇ ಮರಣ ಎಂಬ ಹಳೆಯ ಕಲ್ಪನೆ. ವಸ್ತುಸ್ಥಿತಿ ಬೇರೆಯಿದೆ. ಪುರುಷ ಹಾರ್ಮೋನನ್ನು ತಡೆದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಎಂಬುದನ್ನು ಚಾರ್ಲ್ಸ್ ಹಗಿನ್ಸ್ ೧೯೪೧ರಲ್ಲಿ ತೋರಿಸಿದರು. ಆ ಕಾರ್ಯಕ್ಕಾಗಿ ೧೯೬೬ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಡೋಸಿಟಾಕ್ಸೆಲ್ ಎಂಬ ಕಿಮೊಥೆರಪಿ ಈ ರೋಗದಲ್ಲಿ ಆಯುಸ್ಸನ್ನು ಹೆಚ್ಚಿಸುತ್ತದೆ ಎಂದು ೨೦೦೪ರಲ್ಲಿ ಸಿದ್ಧವಾಯಿತು. ೨೦೧೧ರಲ್ಲಿ ಅಬಿರಾಟೆರೋನ್ ಮಾತ್ರೆ ಬಂದಿತು. ಅದನ್ನು ಚಿಕಿತ್ಸೆಯ ಆರಂಭದಲ್ಲಿಯೇ ಸೇರಿಸಿದರೆ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆಂದು ೨೦೧೭ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು ತೋರಿಸಿದವು. ೨೦೧೯ರಲ್ಲಿ ಕೇಂದ್ರ ಸರ್ಕಾರವು ೪೨ ಕ್ಯಾನ್ಸರ್ ಮದ್ದುಗಳ ಮಾರಾಟದ ಲಾಭಾಂಶಕ್ಕೆ ಶೇಕಡಾ ೩೦ರ ಮಿತಿ ವಿಧಿಸಿತು. ಬಡಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವಿದೆ. ಬೇರಿನಿಂದ ಕಿತ್ತು ಹಾಕಲಾಗದ ಹಂತದಲ್ಲಿಯೂ ಈ ರೋಗವನ್ನು ಎಷ್ಟೋ ಮಂದಿಯಲ್ಲಿ ವರ್ಷಗಟ್ಟಲೆ ಹದ್ದುಬಸ್ತಿನಲ್ಲಿಡಬಹುದು. ಇವೆಲ್ಲವೂ ಧೈರ್ಯಕ್ಕೆ ಕಾರಣಗಳು. ರೋಗದ ಹೆಸರನ್ನೇ ಹೇಳದವನು ಈ ಧೈರ್ಯವನ್ನು ಯಾವ ಬಾಯಿಂದ ಹೇಳಬಲ್ಲ?

ಎರಡನೆಯ ವಾದ: ಬಚ್ಚಿಡುವುದು ನಮ್ಮ ಸಂಸ್ಕೃತಿ, ಬಿಚ್ಚಿ ಹೇಳುವುದು ಪಾಶ್ಚಾತ್ಯರ ರೀತಿ. ಇದು ಚರಿತ್ರೆಯನ್ನರಿಯದ ಮಾತು. ೧೯೬೧ರಲ್ಲಿ ಅಮೆರಿಕದ ವೈದ್ಯರನ್ನು ವಿಚಾರಿಸಿದಾಗ ಶೇಕಡಾ ೯೦ರಷ್ಟು ಮಂದಿ, ರೋಗಿಗೆ ಕ್ಯಾನ್ಸರ್ ಎಂದು ಹೇಳುವುದಿಲ್ಲ ಎಂದಿದ್ದರು. ೧೯೭೯ರ ಹೊತ್ತಿಗೆ ಶೇಕಡಾ ೯೭ರಷ್ಟು ಮಂದಿ ಹೇಳುತ್ತೇವೆ ಎಂದರು. ಹಾಗಿದ್ದ ಮೇಲೆ ಬಚ್ಚಿಡುವುದು ಯಾವ ದೇಶದ ಸಂಸ್ಕೃತಿಯಾಯಿತು? ಹೇಳುವ ಭಾಷೆಯೂ ಕೊಡುವ ಮದ್ದೂ ಇಲ್ಲದಿದ್ದಾಗ ಎಲ್ಲ ದೇಶದವರೂ ಬಚ್ಚಿಟ್ಟರು. ಎರಡೂ ದೊರೆತಾಗ ಬಿಟ್ಟರು. ೨೦೨೫ರ ಮೇ ತಿಂಗಳಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರಿಗೆ ಮೂಳೆಗೆ ಹಬ್ಬಿದ ಇದೇ ರೋಗವಿರುವುದು, ಅದರ ಗ್ಲೀಸನ್ ಅಂಕ ೯ ಎಂಬ ವಿವರದೊಂದಿಗೆ, ಲೋಕಕ್ಕೆಲ್ಲ ತಿಳಿಯಿತು. ಆಗ ಅವರಿಗೆ ೮೨ ವರ್ಷ. ನನ್ನ ತಂದೆಯವರ ವರದಿಯಲ್ಲಿಯೂ ಅದೇ ಅಂಕವಿತ್ತು. ಪರದೇಶದ ಹಿರಿಯರೊಬ್ಬರ ಅಂಕ ನಮ್ಮೂರಿನ ಚಹಾದಂಗಡಿಯಲ್ಲಿ ಚರ್ಚೆಯಾಗಬಹುದಂತೆ, ತಂದೆಯವರ ಅಂಕ ತಂದೆಯವರಿಗೆ ತಿಳಿಯಬಾರದಂತೆ!

ನಮ್ಮ ನೆಲದ ಪರಂಪರೆಯನ್ನೇ ನೋಡುವುದಾದರೆ, ಮೂಡಬಿದಿರೆಯ ಬಸದಿಗಳ ನೆರಳಿನಲ್ಲಿ ಬೆಳೆದವರಿಗೆ ಸಲ್ಲೇಖನ ಎಂಬ ಶಬ್ದವನ್ನು ವಿವರಿಸಬೇಕಾಗಿಲ್ಲ. ಶ್ರವಣಬೆಳಗೊಳದ ಶಾಸನಗಳಲ್ಲಿ ಅದರ ದಾಖಲೆ ಏಳನೆಯ ಶತಮಾನದಿಂದಲೇ ದೊರೆಯುತ್ತದೆ. ಆ ವ್ರತವನ್ನು ಒಪ್ಪುವುದು ಬಿಡುವುದು ಬೇರೆ ವಿಚಾರ. ತನ್ನ ಅಂತ್ಯವನ್ನು ಮನುಷ್ಯನು ತಾನೇ ತಿಳಿದಿರಬೇಕು ಎಂಬ ನಂಬಿಕೆಯಿಲ್ಲದೆ ಅಂಥ ವ್ರತವೇ ಹುಟ್ಟುತ್ತಿರಲಿಲ್ಲ ಎಂಬುದಷ್ಟೇ ಇಲ್ಲಿ ಪ್ರಸ್ತುತ. ಶರಣರ ಗುಣವನ್ನು ಮರಣದಲ್ಲಿ ಕಾಣು ಎಂಬ ಗಾದೆಯನ್ನು ನಾವೂ ಆಡುತ್ತೇವೆ. ಮರಣ ಹತ್ತಿರವಿದೆಯೋ ದೂರವಿದೆಯೋ ಎಂಬುದನ್ನೇ ತಿಳಿಸದೆ ಕೂಡಿಹಾಕಿದವರಲ್ಲಿ ಯಾವ ಗುಣವನ್ನು ಕಾಣಲು ಹೊರಟಿದ್ದೇವೆ?

ಮೂರನೆಯ ವಾದ: ಮನೆಯ ಯಜಮಾನಿಕೆ ಈಗ ಮಗನದು, ನಿರ್ಧಾರವೂ ಅವನದೇ. ಕಾನೂನು ಇದನ್ನು ಒಪ್ಪುವುದಿಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ೨೦೦೮ರ ಜನವರಿ ೧೬ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಅರಿವಳಿಕೆಯಲ್ಲಿದ್ದ ವಯಸ್ಕ ಮಹಿಳೆಯ ಪರವಾಗಿ ಆಕೆಯ ತಾಯಿ ಕೊಟ್ಟ ಒಪ್ಪಿಗೆ, ತುರ್ತು ಸಂದರ್ಭವಲ್ಲದ ಕಾರಣ, ಒಪ್ಪಿಗೆಯೇ ಅಲ್ಲ ಎಂದಿತು. ಹೆತ್ತ ತಾಯಿಗೇ ಇಲ್ಲದ ಅಧಿಕಾರ ಮಗನಿಗೆ ಎಲ್ಲಿಂದ ಬಂತು? ಇದೇ ನ್ಯಾಯಾಲಯ ೨೦೧೮ರ ಮಾರ್ಚ್ ೯ರಂದು, ಕೊನೆಗಾಲದಲ್ಲಿ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಎತ್ತಿಹಿಡಿಯಿತು. ೨೦೨೩ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ ೨೦೨೫ರ ಜನವರಿ ೩೦ರಂದು ಆದೇಶ ಹೊರಡಿಸಿತು. ತನಗೆ ಸೋಂಕೆಂದು ನಂಬಿದವರು ಈ ಹಕ್ಕನ್ನು ಚಲಾಯಿಸುವುದಾದರೂ ಹೇಗೆ?

ಇವೆಲ್ಲಕ್ಕಿಂತ ದೊಡ್ಡ ಕಾರಣವೊಂದಿದೆ. ಅದನ್ನು ಈ ಮೂರು ತಾಲೂಕಿನವರು ವಿಶೇಷವಾಗಿ ಗಮನಿಸಬೇಕು. ಬೆನ್ನುಮೂಳೆಗೆ ಹಬ್ಬಿದ ಕ್ಯಾನ್ಸರ್ ಒಮ್ಮೊಮ್ಮೆ ಬೆನ್ನುಹುರಿಯನ್ನು ಒತ್ತುತ್ತದೆ. ಬೆನ್ನುನೋವು ಹೆಚ್ಚುವುದು, ಕಾಲು ಜೋಮು ಹಿಡಿಯುವುದು ಅಥವಾ ಸೋಲುವುದು, ಮಲಮೂತ್ರಗಳ ಹಿಡಿತ ತಪ್ಪುವುದು ಅದರ ಲಕ್ಷಣಗಳು. ಆಗ ದಿನಗಳ ಲೆಕ್ಕವಲ್ಲ, ಗಂಟೆಗಳ ಲೆಕ್ಕ. ತಡವಾದರೆ ಕಾಲುಗಳು ಮತ್ತೆ ಏಳದೇ ಹೋಗಬಹುದು. ವಿಕಿರಣ ಚಿಕಿತ್ಸೆಗೆ ನಮ್ಮವರು ಮಂಗಳೂರಿಗೋ ಮಣಿಪಾಲಕ್ಕೋ ಹೋಗಬೇಕು. ಆಷಾಢದ ಮಳೆಯಲ್ಲಿ ಬೆಳ್ತಂಗಡಿಯ ಒಳಹಳ್ಳಿಯಿಂದ ಹೊರಟವರಿಗೆ ಅದು ಸಣ್ಣ ದಾರಿಯಲ್ಲ. ಇಲ್ಲಿ ಮೊದಲ ಲಕ್ಷಣವನ್ನು ಗುರುತಿಸಬಲ್ಲವರು ಒಬ್ಬರೇ, ಆ ದೇಹದೊಳಗಿರುವವರು. ಅವರು ಅದನ್ನು ತೋಟದಲ್ಲಿ ಅಡಿಕೆ ಹೆಕ್ಕಿದ ಆಯಾಸವೆಂದು ತಿಳಿದು ಎಣ್ಣೆ ತಿಕ್ಕಿ ಮಲಗಿದರೆ, ಆ ಅಜ್ಞಾನವನ್ನು ಕೊಟ್ಟವರು ನಾವು. ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿ ಮನೆ ಕಾಯಲು ಕೂರಿಸಿದಂತೆ ಇದು.

ಇನ್ನು ಅಂಕಿಯ ಚಿಂತೆ. ತಂದೆಗೆ ಸುದ್ದಿಯನ್ನು ಬಚ್ಚಿಟ್ಟ ಮಕ್ಕಳು ತಾವು ಮಾತ್ರ ಪಿಎಸ್‌ಎ ಅಂಕಿಯನ್ನು ಜಪಮಣಿಯಂತೆ ಎಣಿಸುತ್ತ ನಿದ್ದೆಗೆಡುತ್ತಾರೆ. ಪರೀಕ್ಷೆಗೆ ವಾರವಿರುವಾಗಲೇ ಅನ್ನ ಸೇರದು. ಇಂದು ಬಂಟ್ವಾಳದಲ್ಲಿ, ನಾಳೆ ಮೂಡಬಿದಿರೆಯಲ್ಲಿ ಎಂದು ಎರಡೆರಡು ಕಡೆ ರಕ್ತ ಕೊಡಿಸಿ ದಶಾಂಶಗಳನ್ನು ಹೋಲಿಸುತ್ತಾರೆ. ನಾನೂ ಮಾಡಿದ್ದೇನೆ. ಈ ಅಂಕಿ ಪ್ರಾಸ್ಟೇಟ್ ಜೀವಕೋಶಗಳು ಸ್ರವಿಸುವ ಒಂದು ಪ್ರೋಟೀನಿನ ಅಳತೆ. ಪ್ರಯೋಗಾಲಯ ಬದಲಾದರೆ ವಿಧಾನ ಬದಲಾಗಬಹುದು, ವಿಧಾನ ಬದಲಾದರೆ ಅಂಕಿಯೂ ಸ್ವಲ್ಪ ಬದಲಾಗಬಹುದು. ಆದ್ದರಿಂದ ಒಂದೇ ಕಡೆ ಮಾಡಿಸುವುದು ಮೇಲು. ಒಂದು ಅಂಕಿಗಿಂತ ಹಲವು ಅಂಕಿಗಳ ಸಾಲು ಮುಖ್ಯ. ಎಷ್ಟಿದೆ ಎಂಬುದಕ್ಕಿಂತ ಎಷ್ಟು ಬೇಗ ಇಮ್ಮಡಿಯಾಗುತ್ತಿದೆ ಎಂಬುದು ಮುಖ್ಯ. ಪುರುಷ ಹಾರ್ಮೋನು ತೀರಾ ತಗ್ಗಿದ್ದರೂ ಪಿಎಸ್‌ಎ ಮೇಲಿಂದ ಮೇಲೆ ಏರುತ್ತಿದ್ದರೆ ರೋಗವು ಆ ಚಿಕಿತ್ಸೆಯನ್ನು ಮೀರುತ್ತಿದೆ ಎಂದು ವೈದ್ಯರು ಎಣಿಸುತ್ತಾರೆ. ಕೆಲವೊಮ್ಮೆ ಅಂಕಿ ಏರದೆಯೂ ರೋಗ ಮುಂದುವರಿಯುತ್ತದೆ. ಹಾಗಾಗಿ ನೋವು, ಹಸಿವು, ನಡಿಗೆ, ಸ್ಕ್ಯಾನು ಇವೆಲ್ಲವನ್ನೂ ಕೂಡಿಸಿ ನೋಡಬೇಕು. ಸುತ್ತಲಿಂದಲೂ ನೋಡುವುದೇ ಪರೀಕ್ಷೆ ಎಂದು ಮೊದಲೇ ಹೇಳಿದೆ. ನೋವು ಹೇಗಿದೆ, ಹಸಿವು ಹೇಗಿದೆ ಎಂಬುದನ್ನು ಯಾವ ಯಂತ್ರವೂ ಹೇಳದು, ತಂದೆಯವರೇ ಹೇಳಬೇಕು. ಅವರನ್ನು ಹೊರಗಿಟ್ಟು ನಡೆಸುವ ಪರೀಕ್ಷೆ ಅರ್ಧ ಪರೀಕ್ಷೆ.

ಸುಳ್ಳಿನ ಮನೆಯೊಳಗೆ ಬೇರೆ ಸುಳ್ಳುಗಳೂ ಸುಲಭವಾಗಿ ನುಗ್ಗುತ್ತವೆ. ಯಾರೋ ಕಳುಹಿಸಿದ ವಾಟ್ಸಾಪ್ ಸಂದೇಶವನ್ನು ನಂಬಿ ಲಕ್ಷ್ಮಣಫಲದ ಎಲೆಯ ಕಷಾಯ, ಹೆಸರಿಲ್ಲದ ಪುಡಿ ಎಂದು ಕುಡಿಸುತ್ತಾರೆ. ಅಬಿರಾಟೆರೋನ್ ತೆಗೆದುಕೊಳ್ಳುವವರ ಯಕೃತ್ತನ್ನು ವೈದ್ಯರು ರಕ್ತಪರೀಕ್ಷೆಯಿಂದ ಕಾಯುತ್ತಿರುತ್ತಾರೆ. ನಡುವೆ ಗೊತ್ತಿಲ್ಲದ ಪುಡಿ ಸೇರಿದರೆ ಹಾನಿ ಯಾವುದರಿಂದಾಯಿತೆಂದು ಹೇಳುವುದೇ ಕಷ್ಟ. ಆ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿಯೇ ನುಂಗಬೇಕು ಎಂಬ ಸರಳ ನಿಯಮವೂ, ಯಾಕೆ ಎಂದು ತಿಳಿಯದವರಿಗೆ ಗಂಜಿಯ ಬಟ್ಟಲಿನೆದುರು ಮರೆತುಹೋಗುತ್ತದೆ. ಇನ್ನು ಕೆಲವರು ‘ಪೂರ್ವಜನ್ಮದ ಕರ್ಮ’ ಎಂದು ನಿಟ್ಟುಸಿರುಬಿಡುತ್ತಾರೆ. ವಯಸ್ಸಾದಂತೆ ಹೆಚ್ಚುವ ರೋಗವೊಂದನ್ನು ಪಾಪದ ಲೆಕ್ಕಕ್ಕೆ ಬರೆಯುವುದು ನೊಂದವರ ಮೇಲೆ ಮತ್ತೊಂದು ಕಲ್ಲು ಹೇರಿದಂತೆ. ನೋವಿಗೆ ಮಾರ್ಫಿನ್ ಕೊಡಬೇಕೆಂದರೆ ‘ಚಟವಾಗುತ್ತದೆ’ ಎಂದು ಹಿಂದೆ ಸರಿಯುವವರೂ ನಮ್ಮವರೇ. ಕ್ಯಾನ್ಸರ್ ನೋವಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ಅದನ್ನು ಕೊಡುವುದು ಅಂಗೀಕೃತ ಕ್ರಮ. ಅದು ಸುಲಭವಾಗಿ ದೊರೆಯಲೆಂದೇ ೧೯೮೫ರ ಮಾದಕ ವಸ್ತುಗಳ ಕಾಯ್ದೆಗೆ ೨೦೧೪ರಲ್ಲಿ ತಿದ್ದುಪಡಿ ತರಲಾಯಿತು. ಮೂಳೆಯ ನೋವಿಗೆ ಒಂದೇ ಬಾರಿಯ ವಿಕಿರಣ ಚಿಕಿತ್ಸೆಯಿಂದಲೂ ಬಹಳ ಮಂದಿಗೆ ಉಪಶಮನ ದೊರೆಯುತ್ತದೆ. ನೋವನ್ನು ಸಹಿಸುವುದು ತಪಸ್ಸಲ್ಲ. ಸಹಿಸಲು ಬಿಡುವುದಂತೂ ಸೇವೆಯಲ್ಲ.

ಹಾಗಾದರೆ ಎಲ್ಲರಿಗೂ ಎಲ್ಲವನ್ನೂ ಮುಖಕ್ಕೆ ಹೊಡೆದಂತೆ ಹೇಳಬೇಕೆ? ಹಾಗೆ ಯಾರೂ ಹೇಳುತ್ತಿಲ್ಲ. ‘ನನಗೆ ವಿವರ ಬೇಡ, ನೀವೇ ನೋಡಿಕೊಳ್ಳಿ’ ಎನ್ನುವ ಹಿರಿಯರಿದ್ದಾರೆ. ಅದೂ ಅವರ ಹಕ್ಕು. ಆದರೆ ಆ ಮಾತು ಅವರ ಬಾಯಿಂದ ಬರಬೇಕು. ನಾವೇ ಅವರ ಪರವಾಗಿ ಊಹಿಸಿಕೊಳ್ಳಬಾರದು. ‘ವರದಿ ಬಂದಿದೆ. ನಿಮಗೆ ಎಷ್ಟು ತಿಳಿಯಬೇಕು ಎನ್ನಿಸುತ್ತದೆ?’ ಎಂದು ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷಕ್ಕೆ ಹೆದರಿ ನಾವು ವರ್ಷಗಟ್ಟಲೆ ನಟಿಸುತ್ತೇವೆ. ಮಠಕ್ಕೆ ಬಂದು, ಪಕ್ಕದಲ್ಲಿ ಕುಳಿತ ತಂದೆಗೆ ಕೇಳಿಸದಂತೆ ‘ಇವರಿಗೆ ಏನೂ ಗೊತ್ತಿಲ್ಲ, ಆಶೀರ್ವಾದ ಮಾಡಿ’ ಎಂದು ಪಿಸುಗುಟ್ಟುವವರನ್ನು ನಾನು ಕಂಡಿದ್ದೇನೆ. ನಡೆನುಡಿಗಳು ಒಂದಾಗಬೇಕೆಂದು ದಿನವೂ ಓದುವವರು ನಾವು. ಆ ಪಾಠ ಮನೆಯ ಪಡಸಾಲೆಗೆ ಅನ್ವಯಿಸದಿದ್ದರೆ ಮತ್ತೆಲ್ಲಿಗೆ ಅನ್ವಯಿಸುತ್ತದೆ?

ಆಸ್ಪತ್ರೆಯಿಂದ ಬಂದ ಆ ಸಂಜೆ ನಾನು ತಂದೆಯವರಿಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಅತ್ತರು. ಕೋಪಿಸಿಕೊಂಡರು. ‘ನಲವತ್ತು ಮಕ್ಕಳ ಕ್ಲಾಸಿಗೆ ಪಾಠ ಮಾಡಿದವನಿಗೆ ಒಂದು ಕಾಗದ ಓದಲು ಬರುವುದಿಲ್ಲವೆಂದು ತಿಳಿದೆಯಾ?’ ಎಂದರು. ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಹಳೆಯ ವರದಿಗಳನ್ನೆಲ್ಲ ತರಿಸಿಕೊಂಡು, ಗೆರೆ ಹಾಕಿದ ಪುಸ್ತಕದಲ್ಲಿ ಹಾಜರಿ ಪಟ್ಟಿಯಂತೆ ದಿನಾಂಕ, ಅಂಕಿ, ಮಾತ್ರೆ, ನೋವು ಎಂದು ನಾಲ್ಕು ಕಲಮು ಎಳೆದರು. ಅಂದಿನಿಂದ ಮಾತ್ರೆ ತಪ್ಪಿಲ್ಲ. ಬೆವರು ಬಂದ ರಾತ್ರಿ ‘ಇದು ಸೂಜಿಯದ್ದು’ ಎಂದು ಅವರೇ ಅಮ್ಮನಿಗೆ ಸಮಾಧಾನ ಹೇಳುತ್ತಾರೆ. ಅಂಕಿ ಇಳಿಯಿತು, ಆದರೆ ಮೊದಲಿನಷ್ಟು ಇಳಿಯಲಿಲ್ಲ. ಮಾತ್ರೆ ಬಿಟ್ಟ ಎರಡು ತಿಂಗಳು ಅದಕ್ಕೆ ಕಾರಣವೋ, ರೋಗದ ಗತಿಯೇ ಹಾಗೋ ಎಂದು ವೈದ್ಯರು ಖಚಿತವಾಗಿ ಹೇಳಲಾರರು. ಆ ಪ್ರಶ್ನೆಯನ್ನು ಹೊತ್ತುಕೊಂಡೇ ನಾನು ಬದುಕಬೇಕಾಗಿದೆ.

ಮುಂದಿನ ವರದಿ ಬರುವ ವಾರ ಇದೆ. ನನ್ನ ಚಿಂತೆ ಕಡಮೆಯಾಗಿಲ್ಲ. ಆದರೆ ಅದು ಈಗ ಇಬ್ಬರಲ್ಲಿ ಹಂಚಿಹೋಗಿದೆ. ಲಕೋಟೆಯನ್ನು ನಾನು ಒಡೆಯುವುದಿಲ್ಲ. ಅದರ ಮೇಲೆ ಬರೆದಿರುವ ಹೆಸರು ನನ್ನದಲ್ಲ.

ಬಂಧುಗಳೆ, ನಿಮ್ಮ ಮನೆಯ ಕಪಾಟಿನಲ್ಲಿ, ಬಟ್ಟೆಗಳ ಅಡಿಯಲ್ಲಿ, ಅಂಥದೊಂದು ಲಕೋಟೆ ಇದ್ದರೆ ಇಂದೇ ಹೊರತೆಗೆಯಿರಿ. ಅದನ್ನು ಅದರ ಒಡೆಯರ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿರಿ. ಕೊಟ್ಟು ಎದ್ದುಹೋಗಬೇಡಿರಿ.